ಸ್ಲೀಪ್ ಸ್ಟಡಿಗೆ ದವಾಖಾನ್ಯಾಗ ಒಂದು ರಾತ್ರಿ: ನಿದ್ದಿನೇ ಬರ್ಲಿಲ್ಲಂದ್ರ?

ಭೀಮಾತೀರ:
ಗೊರಕಿ ಜೋರು, ಎರಡು ಗುಳಿಗಿ ನುಂಗಿದ್ರೂ ಬಿಪಿ ಹಿಡಿತಕ್ಕ ಬರಂಗಿಲ್ಲ, ಹಗಲೊತ್ತು ಕುಂತಲ್ಲೇ ತೂಕಡಿಕಿ. ಹಿಂಗಿರೋ 58ರ ಒಬ್ಬರಿಗೆ ಕಲಬುರಗಿಯಾಗ ಡಾಕ್ಟರು ರಾತ್ರಿಪೂರ್ತಿ ಸ್ಲೀಪ್ ಸ್ಟಡಿ (ನಿದ್ದ್ಯಾಗ ಉಸಿರು ಕಟ್ತದೇನು ಅಂತ ನೋಡೋ ಪರೀಕ್ಷಾ) ಬರದಾರ. ತಲಿಯಿಂದ ಕಾಲತನ ವೈರು ಹಚ್ಚಿ, ಗುರ್ತಿಲ್ಲದ ಖೋಲ್ಯಾಗ, ಕ್ಯಾಮೆರಾ ಮುಂದ ಮಲಗಂದ್ರ ಯಾರಿಗೆ ನಿದ್ದಿ ಬರ್ತದ? ಬರ್ಲಿಲ್ಲಂದ್ರ ರೊಕ್ಕ ಹೊಳಿಗೆ ಹಾಕಿದಂಗ ಏನು? ಮನ್ಯಾಗೇ ಮಾಡೋ ಸಣ್ಣ ಮಷೀನು ಅದಾವಂತ, ಅದು ಸಾಲಂಗಿಲ್ಲೇನು? ಗೊತ್ತಿದ್ದವರು ಬಿಡಿಸಿ ಹೇಳ್ರಿ. "ಏನಾಗಂಗಿಲ್ಲ ಹೋಗ್ರಿ" ಅನ್ನೋ ಸಮಾಧಾನ ಬ್ಯಾಡ.

ಶಹಾಬಾದ್‌ಕಲ್ಲು:
ಈ ಪರೀಕ್ಷಾಕ್ಕ ಚಲೋ ನಿದ್ದಿ ಬೇಕಾಗಿಲ್ರಿ, ಚಲೋ ಸಿಗ್ನಲ್ ಬೇಕು. ಎರಡೂ ಬ್ಯಾರೆ ಬ್ಯಾರೆ.

ರೆಕಾರ್ಡಿಂಗ್ ಓದೋರು ರಾತ್ರಿನ 30 ಸೆಕೆಂಡಿನ ತುಂಡು ಮಾಡಿ ನೋಡ್ತಾರ. ಒಂದು ತುಂಡಿನ್ಯಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಮೆದುಳು ನಿದ್ದಿ ಲಕ್ಷಣ ತೋರಿಸಿದ್ರ ಅದು ನಿದ್ದಿ ಅಂತ ಎಣಿಕಿ. ಮುಂಜಾನಿ "ಕಣ್ಣೇ ಮುಚ್ಚಿಲ್ಲ" ಅನ್ನೋರ ರೆಕಾರ್ಡಿಂಗ್‌ನ್ಯಾಗ ನಾಕು ತಾಸಿನ ನಿದ್ದಿ ಸಿಗೋದು ಮಾಮೂಲು. ಹಗುರ ನಿದ್ದಿ ಮನುಷ್ಯಾಗ ನೆನಪಿರಂಗಿಲ್ಲ, ಮಷೀನಿಗೆ ಇರ್ತದ. ಹೊಸ ಜಾಗಾದಾಗ ಮೊದಲ ರಾತ್ರಿ ನಿದ್ದಿ ತಡವಾಗಿ ಬರ್ತದ, ಕನಸಿನ ನಿದ್ದಿ ಕಡಿಮಿ ಆಗ್ತದ, ನಡುನಡುವ ಎಚ್ಚರ ಆಗ್ತದ. ಇದು ಓದೋ ಡಾಕ್ಟರಿಗೂ ಗೊತ್ತಿರ್ತದ, ಅದನ್ನ ಲೆಕ್ಕಕ್ಕ ಹಿಡಿದೇ ಓದ್ತಾರ.

ಖರೇ ರಾತ್ರಿ ಹಾಳು ಮಾಡೋದು ಬ್ಯಾರೆ: ತಲಿಗೆ ಹಚ್ಚಿದ ಕೊಬ್ರಿ ಎಣ್ಣಿ, ಬೆವರು, ಮೂಗಿನಿಂದ ಜಾರಿದ ನಳಗಿ, ಸಡಲಾದ ಬೆಲ್ಟು.

ಹಚ್ಚೋದು ಹೆಂಗ ಅಂತ ಹೇಳಿಬಿಡ್ತೀನಿ, ಅಂದ್ರ ಯಾಕ ಅನ್ನೋದು ತಾನೇ ತಿಳೀತದ. ಟೇಪು ಹಿಡಿದು ಹುಬ್ಬಿನ ನಡುವಿನ ತಗ್ಗಿನಿಂದ ಹಿಂದಲೆಯ ಗುಬ್ಬಿತನ, ಆ ಕಿವಿಯಿಂದ ಈ ಕಿವಿತನ ಅಳೀತಾರ. ಆ ಅಳತಿಯ ಶೇ. 10, ಶೇ. 20ರ ಲೆಕ್ಕದಾಗ ಪೆನ್ಸಿಲಿನಿಂದ ಗುರುತು ಹಾಕ್ತಾರ. ತಲಿ ಮ್ಯಾಲ ಮುಂದ ಎರಡು, ನಡುವ ಎರಡು, ಹಿಂದ ಎರಡು; ಕಿವಿ ಹಿಂದಿನ ಎಲುಬಿನ ಮ್ಯಾಲ ಒಂದೊಂದು. ಒಂದೊಂದು ಗುರುತಿನಾಗೂ ಕೂದಲಾ ಬೈತಲಿ ತಗದಂಗ ಸರಿಸಿ, ಹತ್ತಿಕಡ್ಡಿಗೆ ಮರಳು ಮರಳಾದ ಜೆಲ್ ಹಚ್ಚಿ ಚರ್ಮ ತಿಕ್ತಾರ. ಸ್ವಲ್ಪ ಕೆಂಪಾಗೋತನ, ಗಾಯ ಆಗೋತನ ಅಲ್ಲ. ಆಮ್ಯಾಲ ಸಣ್ಣ ಬಟ್ಟಲದಂಥ ಎಲೆಕ್ಟ್ರೋಡಿಗೆ ತೊಗರಿ ಕಾಳಿನಕಿಂತ ಒಂದು ಚೂರು ದೊಡ್ಡದಾಗಿ ಪೇಸ್ಟ್ ತುಂಬಿ ಒತ್ತಿ, ಮ್ಯಾಲ ಗಾಜ್ ಬಟ್ಟಿ ತುಣುಕು ಇಟ್ಟು ಬೆರಳಿಂದ ಹಿಡೀತಾರ. ಕಂಪ್ಯೂಟರಿನಾಗ ಅದರ ಇಂಪಿಡೆನ್ಸ್, ಅಂದ್ರ ಸಿಗ್ನಲ್ ದಾಟಾಕ ಇರೋ ಅಡ್ಡಿ, 5 ಕಿಲೋಓಮ್ ಒಳಗ ಬರಬೇಕು. ತಲಿಯಾಗ ಎಣ್ಣಿ ಇದ್ರ ಎಷ್ಟು ತಿಕ್ಕಿದ್ರೂ 20, 30ರ ಮ್ಯಾಲೇ ನಿಂತಿರ್ತದ. ಹಂಗೇ ಬಿಟ್ರ ಮೆದುಳಿನ ಅಲಿ ಬದ್ಲಿ ಗೋಡಿಯೊಳಗಿನ ಕರೆಂಟಿನ 50 ಹರ್ಟ್ಸ್ ಗೀಚು ಬರ್ತದ. ಮೆದುಳಿನ ಸಿಗ್ನಲ್ ಇರೋದು ಮೈಕ್ರೋವೋಲ್ಟ್‌ನ್ಯಾಗ, ಪಕ್ಕದ ಚಾರ್ಜರ್ ಅದಕ್ಕ ಆನಿ ಇದ್ದಂಗ.

ಎಡಗಣ್ಣಿನ ಹೊರಮೂಲಿ ಕೆಳಗ ಒಂದು ಸೆಂಟಿಮೀಟರಿಗೆ ಒಂದು, ಬಲಗಣ್ಣಿನ ಹೊರಮೂಲಿ ಮ್ಯಾಲ ಒಂದು ಸೆಂಟಿಮೀಟರಿಗೆ ಒಂದು. ಗದ್ದಕ್ಕ ಮೂರು. ಎರಡೂ ಮೊಣಕಾಲಿನ ಕೆಳಗ ಮುಂಗಾಲಿನ ಸ್ನಾಯುವಿನ ಮ್ಯಾಲ. ಎದಿಗೆ ಇಸಿಜಿ, ಎದಿಗೊಂದು ಹೊಟ್ಟಿಗೊಂದು ಬೆಲ್ಟು, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು, ಗಂಟಲ ಹತ್ರ ಗೊರಕಿ ಹಿಡಿಯೋ ಮೈಕು, ಮೂಗಿನ ಕೆಳಗ ಉಸಿರು ಹಿಡಿಯೋ ಎರಡು ಸೆನ್ಸರ್: ಒಂದು ನಳಗಿ, ಒಂದು ಥರ್ಮಿಸ್ಟರ್. ಎಲ್ಲಾ ಸೇರಿ 45 ನಿಮಿಷದಿಂದ ಒಂದು ತಾಸು ಹಿಡೀತದ. ಹಚ್ಚೋರು ಗಡಿಬಿಡಿ ಮಾಡ್ಲಿಲ್ಲಂದ್ರ ಅದೇ ಚಲೋ ಲಕ್ಷಣ.

ಯಾದಗಿರಿಕೋಟೆ:
ಇಷ್ಟು ವೈರು ಅಂದ್ರ ಶಾಕ್ ಹೊಡಿಯೋ ಭಯ ಇಲ್ಲೇನ್ರಿ? ಹಿರಿಯರು ಮೊದಲು ಕೇಳೋದೇ ಅದು. ಮತ್ತ ನಡುರಾತ್ರಿ ಕರೆಂಟು ಹೋದ್ರ?

ಶಹಾಬಾದ್‌ಕಲ್ಲು:
ಎಲೆಕ್ಟ್ರೋಡು ಮೈಯಿಂದ ತಗೋತದ, ಮೈಗೆ ಏನೂ ಕೊಡಂಗಿಲ್ಲ. ವೈರೆಲ್ಲಾ ಕೂಡೋ ಡಬ್ಬಿನ ಮನಿ ಲೈನಿನಿಂದ ಬೇರ್ಪಡಿಸಿಯೇ ಮಾಡಿರ್ತಾರ. ಕರೆಂಟು ಹೋಗೋದು ಬ್ಯಾರೆ ತಾಪತ್ರಯ. ಕಂಪ್ಯೂಟರು ಯುಪಿಎಸ್ ಮ್ಯಾಲ ಇದ್ರೂ ಎಸಿ ಇರಂಗಿಲ್ಲ. ಏಪ್ರಿಲ್, ಮೇನಾಗ ನಮ್ಮ ಕಡಿ ಎಸಿ ಬಂದ್ ಆದ್ರ ಅರ್ಧ ತಾಸಿನಾಗ ಬೆವರು ಬರ್ತದ. ಬೆವರು ಬಂದ್ರ ಮೆದುಳಿನ ಗೆರಿ ಉಯ್ಯಾಲಿ ತೂಗಿದಂಗ ನಿಧಾನಕ್ಕ ಮ್ಯಾಲ ಕೆಳಗ ತೂಗ್ತದ. ಆ ನಿಧಾನ ಅಲಿ ಆಳನಿದ್ದಿ ಅಲಿ ಇದ್ದಂಗೇ ಕಾಣೋದರಿಂದ ಓದೋರಿಗೆ ತಲಿಬ್ಯಾನಿ.

ಇನ್ನೊಂದು ಮಾತು ಭಾಳ ಮಂದಿಗೆ ಹೊಳಿಯಂಗಿಲ್ಲ. ಮೂಗಿನ ಕೆಳಗಿರೋ ಥರ್ಮಿಸ್ಟರ್ ಅಳಿಯೋದು ಉಷ್ಣಾನ: ಹೊರಗ ಬಿಡೋ ಉಸಿರು ಬೆಚ್ಚಗ, ಒಳಗ ಹೋಗೋ ಗಾಳಿ ತಂಪು, ಆ ಫರಕೇ ಸಿಗ್ನಲ್. ಖೋಲಿನೇ 36, 37 ಡಿಗ್ರಿ ಆದ್ರ ಫರಕು ಎಲ್ಲಿಂದ ಬರಬೇಕು? ಉಸಿರು ನಡದಿರ್ತದ, ಗೆರಿ ಸಪಾಟು ಆಗಿರ್ತದ. ಬ್ಯಾಸಗಿಯಾಗ ತಾರೀಖು ತಗೊಳ್ಳೋಮುಂದ "ಖೋಲಿ ಎಸಿ ಜನರೇಟರ್ ಮ್ಯಾಲ ನಡೀತದೇನು" ಅಂತ ಕೇಳೋದು ನಖರಾ ಅಲ್ಲ. ಬರೇ ಕೂಲರ್ ಇರೋ ಖೋಲ್ಯಾಗ ಜೂನ್ ಮುಗಿಯೋತನ ಮಾಡಿಸೋದು ನನ್ನ ಪ್ರಕಾರ ಬ್ಯಾಡ.

ಬಿದ್ರಿಕುಸುರಿ:
ಮನೆಯಲ್ಲೇ ಮಾಡುವ ಯಂತ್ರದ ಪ್ರಶ್ನೆಗೆ ಬರುತ್ತೇನೆ. ಅದರಲ್ಲಿ ಮೂಗಿನ ನಳಿಗೆ, ಎದೆಗೊಂದು ಬೆಲ್ಟು, ಬೆರಳ ಕ್ಲಿಪ್ಪು ಇಷ್ಟೇ. ಮೆದುಳಿನ ದಾಖಲೆ ಇಲ್ಲ. ಹಾಗಾಗಿ ಮನುಷ್ಯ ಮಲಗಿದ್ದನೋ ಸೀಲಿಂಗ್ ನೋಡುತ್ತಾ ಬಿದ್ದಿದ್ದನೋ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಲೆಕ್ಕ ಎಡವುವುದು ಇಲ್ಲೇ.

ಉಸಿರು ನಿಂತ ಅಥವಾ ಕುಗ್ಗಿದ ಪ್ರಸಂಗಗಳ ಒಟ್ಟು ಸಂಖ್ಯೆಯನ್ನು ನಿದ್ದೆಯ ಗಂಟೆಗಳಿಂದ ಭಾಗಿಸಿದರೆ ಬರುವುದೇ ಎಎಚ್‌ಐ. 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮತ್ತು ಮೇಲೆ ತೀವ್ರ. ಒಬ್ಬರಿಗೆ ರಾತ್ರಿಯಲ್ಲಿ 100 ಪ್ರಸಂಗ ಆದವು ಅನ್ನಿ. ಯಂತ್ರ ಹಾಕಿಕೊಂಡದ್ದು 8 ಗಂಟೆ, ನಿಜವಾಗಿ ಮಲಗಿದ್ದು 5 ಗಂಟೆ. ಆಸ್ಪತ್ರೆಯ ಲೆಕ್ಕದಲ್ಲಿ 100 ಭಾಗಿಸು 5, ಅಂದರೆ 20: ಮಧ್ಯಮ. ಮನೆ ಯಂತ್ರದ ಲೆಕ್ಕದಲ್ಲಿ 100 ಭಾಗಿಸು 8, ಅಂದರೆ 12.5: ಸೌಮ್ಯ. ಮನುಷ್ಯ ಅವನೇ, ರಾತ್ರಿ ಅದೇ. ಇದಲ್ಲದೆ, ಆಮ್ಲಜನಕ ಇಳಿಯದೆ ಬರೀ ನಿದ್ದೆ ಕದಡುವ ಪ್ರಸಂಗಗಳು ಮನೆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಂತ ಅದು ದಂಡ ಅಲ್ಲ. ಗೊರಕೆ, ಹಗಲು ತೂಕಡಿಕೆ, ಬಿಪಿ, ದಪ್ಪ ಕುತ್ತಿಗೆ ಎಲ್ಲ ಇದ್ದು ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಮನೆ ಪರೀಕ್ಷೆ "ಹೌದು" ಅಂದರೆ ನಂಬಬಹುದು. "ಇಲ್ಲ" ಅಂದರೆ ಅಲ್ಲಿಗೇ ಬಿಡಬಾರದು, ಆಸ್ಪತ್ರೆಯ ಪರೀಕ್ಷೆ ಆಗಬೇಕು. ಹೃದಯ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು ಆದವರು, ಸ್ನಾಯು ದೌರ್ಬಲ್ಯ ಇದ್ದವರು ಮೊದಲೇ ಆಸ್ಪತ್ರೆಗೆ ಹೋಗುವುದು ಸರಿ.

ತೊಗರಿಕಣಜ:
ತಯಾರಿ ಬಗ್ಗೆ ಯಾರೂ ಬರದಿಲ್ಲ.

ತಲಿಗೆ ಎಣ್ಣಿ ಎರಡು ದಿನ ಮೊದಲೇ ಬಂದ್. ಅವತ್ತು ಶಾಂಪೂ ಹಾಕಿ ತಲಿ ತೊಳ್ಕೊಂಡು ಪೂರ್ತಿ ಒಣಗಿಸ್ಕೊಂಡು ಹೋಗಬೇಕು. ಕಂಡೀಷನರ್, ಜೆಲ್, ಮಾರಿಗೆ ಕ್ರೀಮು ಬ್ಯಾಡ. ಹೆಣ್ಮಕ್ಕಳು ಜಡಿ ಬಿಚ್ಚಿರಬೇಕು. ಸೀರಿ ಉಟ್ಟು ಮಲಗಿದ್ರ ಎದಿ, ಹೊಟ್ಟಿ ಬೆಲ್ಟು ಸೆರಗು ನಿರಿಗಿಯೊಳಗ ಸಿಗಬೀಳ್ತಾವ; ಉದ್ದ ನೈಟಿಯಾಗ ಕಾಲಿನ ವೈರು ಹಚ್ಚೋದು ತ್ರಾಸು. ಮುಂದ ಗುಂಡಿ ಇರೋ ಅಂಗಿ, ಸಡಲ ಪೈಜಾಮ ಚಲೋ. ಗಂಡಸರಿಗೂ ಅದೇ, ಬನಿಯನ್ ಲುಂಗಿ ಬ್ಯಾಡ: ಹೊರಳಿದಾಗ ಲುಂಗಿ ಕಾಲಿನ ವೈರು ಸುತ್ಕೋತದ. ಮೂಗುತಿ ಸಣ್ಣ ಹರಳಿಂದಾದ್ರ ನಡೀತದ, ದೊಡ್ಡ ನತ್ತು ತಗೀಬೇಕು, ನಳಗಿ ಕೂಡಂಗಿಲ್ಲ. ಕೈಬೆರಳಿನ ಗಾಢ ಬಣ್ಣದ ನೇಲ್ ಪಾಲಿಶ್ ಒಂದೆರಡು ಬೆರಳಿಗಾದ್ರೂ ಅಳಸಬೇಕು. ಮದಿವಿ ಸೀಜನ್ನಿನಾಗ ಮೆಹಂದಿ ಹಚ್ಚಿದ್ರ ಟೆಕ್ನಿಷಿಯನ್‌ಗೆ ತೋರಸ್ರಿ, ಕರೇ ಮೆಹಂದಿ ಆಕ್ಸಿಜನ್ ಕ್ಲಿಪ್ಪಿಗೆ ಅಡ್ಡ ಬರ್ತದ. ಬ್ಯಾರೆ ಬೆರಳು, ಇಲ್ಲಾ ಕಿವಿಹಾಲಿ ನೋಡ್ತಾರ.

ಚಹಾ ಮಧ್ಯಾಹ್ನ 12ರ ಮ್ಯಾಲ ಬ್ಯಾಡ. ಕೆಫೀನ್ ಅರ್ಧಾ ಇಳೀಲಿಕ್ಕೇ ಸುಮಾರು ಐದು ತಾಸು ಬೇಕು. ನಮ್ಮಲ್ಲಿ ಸಂಜಿಕ ಐದಕ್ಕ ಒಂದು, ಏಳಕ್ಕ ಇನ್ನೊಂದು ಕುಡದು ಹತ್ತಕ್ಕ ನಿದ್ದಿ ಬರ್ವಲ್ದು ಅಂತಾರ. ಗುಟಕಾ, ಜರ್ದಾ, ಬೀಡಿಯಾಗಿನ ನಿಕೋಟಿನ್ನೂ ಎಚ್ಚರ ಇಡೋ ಮಾಲೇ. ಹಗಲು ಮಲಗಬ್ಯಾಡ್ರಿ. ಊಟ ಎಂಟರೊಳಗ ಮುಗಿಸ್ರಿ, ಎರಡು ರೊಟ್ಟಿ ಪಲ್ಯ ಸಾಕು. ಹೊಟ್ಟಿ ಬಿರಿಯಂಗ ಉಂಡು ಮಲಗಿದ್ರ ಹುಳಿತೇಗು.

ಬಿಪಿ, ಶುಗರ್ ಗುಳಿಗಿ ಬಿಡಬಾರದು, ಸಂಗಾಟ ಒಯ್ಯಬೇಕು. ದಿನಾ ನಿದ್ದಿ ಗುಳಿಗಿ ತಗೊಳ್ಳೋರು ತಾವೇ ಬಂದ್ ಮಾಡಬಾರದು, ಹೆಸರು ಬರಕೊಂಡು ಮೊದಲೇ ಡಾಕ್ಟರಿಗೆ ತೋರಿಸಬೇಕು.

ಭೀಮಾತೀರ:
ದಾಡಿ? ಇವರು ತಗಿಯೋರಲ್ಲ.

ಶಹಾಬಾದ್‌ಕಲ್ಲು:
ತಗೀಬೇಕಿಲ್ಲ. ಗದ್ದದ ಮೂರೂ ಎಲೆಕ್ಟ್ರೋಡು ತಲಿಗೆ ಹಚ್ಚಿದಂಗೇ ಕೂದಲಾ ಸರಿಸಿ ಪೇಸ್ಟು, ಗಾಜ್ ಹಾಕಿ ಹಚ್ಚಬಹುದು, ಹೊತ್ತು ಹಿಡೀತದ ಅಷ್ಟೆ. ದಾಡಿಯವರು ಅಂತ ಮೊದಲೇ ಫೋನಿನಾಗ ಹೇಳ್ರಿ. ತೊಂದ್ರಿ ಕೊಡೋದು ಎರಡು ದಿನದ ಮುಳ್ಳುದಾಡಿ: ಟೇಪೂ ಹಿಡಿಯಂಗಿಲ್ಲ, ಪೇಸ್ಟೂ ಹಿಡಿಯಂಗಿಲ್ಲ. ದಿನಾ ಬೋಳಿಸೋರು ಅವತ್ತೂ ಬೋಳಿಸ್ಕೊಂಡು ಬರ್ರಿ. ಮೀಸಿ ತುಟಿಮ್ಯಾಲ ಇಳಿದಿದ್ರ ಸ್ವಲ್ಪ ಕತ್ತರಿಸಿದ್ರ ಸಾಕು.

ಯಾದಗಿರಿಕೋಟೆ:
ನಡುರಾತ್ರಿ ಒಂದಕ್ಕ ಬಂದ್ರ ಎಲ್ಲಾ ಬಿಚ್ಚಿ ಮತ್ತ ಹಚ್ಚತಾರೇನು? ಶುಗರ್ ಇದ್ದವರು ಎರಡು ಮೂರು ಸಲ ಏಳ್ತಾರ.

ಶಹಾಬಾದ್‌ಕಲ್ಲು:
ಇಲ್ರಿ. ವೈರೆಲ್ಲಾ ಒಂದು ಡಬ್ಬಿಗೆ ಕೂಡಿರ್ತಾವ. ಟೆಕ್ನಿಷಿಯನ್ ಬಂದು ಆ ಡಬ್ಬಿಯ ಒಂದು ಕೇಬಲ್ ಬಿಚ್ಚತಾನ, ಡಬ್ಬಿ ಕೊಳ್ಳಾಗ ಹಾಕ್ಕೊಂಡು ಹೋಗಿ ಬರೋದು. ತಾವೇ ಎದ್ದು ನಡದ್ರ ಮಾತ್ರ ಕೆಲಸ ಕೆಡ್ತದ: ಕಾಲಿನ ವೈರು ಎಡವಿ ಬೀಳೋ ಸಂಭವ, ಮ್ಯಾಲ ನಾಕು ಎಲೆಕ್ಟ್ರೋಡು ಕಿತ್ತಿರ್ತಾವ. ಕ್ಯಾಮೆರಾ, ಮೈಕು ಚಾಲೂ ಇರ್ತಾವ, "ಅಣ್ಣಾ" ಅಂದ್ರ ಸಾಕು. ತಡಕೊಂಡು ಮಲಗಬ್ಯಾಡ್ರಿ, ತಡಕೊಂಡವರಿಗೆ ನಿದ್ದಿ ಹತ್ತಂಗಿಲ್ಲ.

ಹಚ್ಚಿ ಮುಗಿದ ಮ್ಯಾಲ ದೀಪ ಆರಿಸೋಕ ಮೊದಲು ಹತ್ತು ನಿಮಿಷದ ಒಂದು ಕವಾಯತು ಮಾಡಸ್ತಾರ. ಕಣ್ಣು ತಗದು 30 ಸೆಕೆಂಡು, ಮುಚ್ಚಿ 30 ಸೆಕೆಂಡು, ತಲಿ ಅಲಗಸದೆ ಎಡಕ್ಕ, ಬಲಕ್ಕ, ಮ್ಯಾಲ, ಕೆಳಗ ನೋಡೋದು, ಐದು ಸಲ ಕಣ್ಣು ಮಿಟಕಸೋದು, ಹಲ್ಲು ಕಡಿಯೋದು, ಉಸಿರು ಹಿಡಿಯೋದು, ಎಡಪಾದ, ಬಲಪಾದ ಮಡಚೋದು. ಚ್ಯಾಷ್ಟಿ ಅನ್ಕೋಬ್ಯಾಡ್ರಿ. ಉಸಿರು ಹಿಡಿದಾಗ ಮೂಗಿನ ಗೆರಿ, ಎದಿ ಗೆರಿ, ಹೊಟ್ಟಿ ಗೆರಿ ಮೂರೂ ಒಮ್ಮೆಲೇ ಸಪಾಟು ಆಗಬೇಕು. ಒಂದು ಆಗ್ಲಿಲ್ಲಂದ್ರ ಆ ಸೆನ್ಸರ್ ಸುಳ್ಳು ಹೇಳಾಕತ್ತದ, ಆವಾಗಲೇ ಸರಿ ಮಾಡ್ಕೋತಾರ.

ಸಂಗಾಟ ಬರೋ ಮಂದಿ ವಿಷಯ ಬಿಟ್ಟೆ. ಒಬ್ಬರು ಸಾಕು, ಅವರೂ ಖೋಲಿ ಹೊರಗ. ಅದೇ ಖೋಲ್ಯಾಗ ಮಲಗಿದ ಅಟೆಂಡರ್ ಗೊರಕಿ ಹೊಡದ್ರ ಖೋಲಿ ಮೈಕು ಅದನ್ನೂ ಹಿಡೀತದ, ಪೇಷಂಟ್ ಎಚ್ಚರ ಆಗಿ ಕುಂತಿರ್ತಾನ.

ಬಿದ್ರಿಕುಸುರಿ:
ಅರ್ಧ ರಾತ್ರಿಯ ಹೊತ್ತಿಗೆ ಮುಖಕ್ಕೆ ಮಾಸ್ಕ್ ಹಾಕಿದರೆ ಗಾಬರಿಯಾಗಬಾರದು, ಅದನ್ನೂ ಹಿರಿಯರಿಗೆ ಮೊದಲೇ ಹೇಳಿಡಿ. ಇದಕ್ಕೆ ಸ್ಪ್ಲಿಟ್ ನೈಟ್ ಅನ್ನುತ್ತಾರೆ. ಮೊದಲ ಎರಡು ಗಂಟೆಯಾದರೂ ಪರೀಕ್ಷೆ ನಡೆದು ತೊಂದರೆ ಜೋರಾಗಿದೆ ಎಂದು ಖಚಿತವಾದರೆ, ಉಳಿದ ರಾತ್ರಿಯಲ್ಲಿ ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿ ಸರಿಯಾದ ಒತ್ತಡ ಹುಡುಕುತ್ತಾರೆ. ಆ ಹುಡುಕಾಟಕ್ಕೆ ಕನಿಷ್ಠ ಮೂರು ಗಂಟೆ ಬೇಕು. 4 ಸೆಂಟಿಮೀಟರ್ ನೀರಿನ ಒತ್ತಡದಿಂದ ಶುರುಮಾಡಿ, ಉಸಿರು ಇನ್ನೂ ಕಟ್ಟುತ್ತಿದ್ದರೆ ಕನಿಷ್ಠ ಐದು ನಿಮಿಷ ಬಿಟ್ಟು ಬಿಟ್ಟು ಒಂದೊಂದೇ ಸೆಂಟಿಮೀಟರ್ ಏರಿಸುತ್ತಾರೆ. ದೊಡ್ಡವರಿಗೆ 20 ಗಡಿ. ಹುಡುಕಿದ ಒತ್ತಡದಲ್ಲಿ, ಬೆನ್ನ ಮೇಲೆ ಮಲಗಿ ಕನಸಿನ ನಿದ್ದೆಯಲ್ಲಿದ್ದಾಗಲೂ ಕನಿಷ್ಠ 15 ನಿಮಿಷ ಉಸಿರು ಸರಾಗ ನಡೆದರೆ ಅದು ಗಟ್ಟಿಯಾದ ಫಲಿತಾಂಶ.

ಲೆಕ್ಕ ಹಾಕಿ ನೋಡಿ: ದೀಪ ಆರಿಸಿದ್ದು 11ಕ್ಕೆ, ನಿದ್ದೆ ಹತ್ತಿದ್ದು 12ಕ್ಕೆ, ಎರಡು ಗಂಟೆಯ ನಿದ್ದೆಯ ದಾಖಲೆ ಸಿಗುವಾಗ ಎರಡೂವರೆ. ಬೆಳಗ್ಗೆ ಐದಕ್ಕೇ ಎಬ್ಬಿಸುವ ಕಡೆ ಮಾಸ್ಕಿಗೆ ಮೂರು ಗಂಟೆ ಸಿಗುವುದಿಲ್ಲ. ಆಗ ಎರಡನೇ ರಾತ್ರಿ, ಎರಡನೇ ಬಿಲ್ಲು. ಆದ್ದರಿಂದ ಸಂಜೆ ಏಳೂವರೆಗೆ ಬನ್ನಿ ಅಂದರೆ ಏಳೂವರೆಗೇ ಹೋಗಿ. ಬೀದರಿನಿಂದ ಕಲಬುರಗಿಗೆ ಬರುವವರಿಗೆ ಸುಮಾರು 110 ಕಿಲೋಮೀಟರ್ ದಾರಿ, ಮಧ್ಯಾಹ್ನವೇ ಹೊರಡುವುದು ಒಳ್ಳೆಯದು.

ತೊಗರಿಕಣಜ:
ಎರಡನೇ ಬಿಲ್ಲು ಅಂದ್ರಲ್ಲ, ವಿಮೆ ಮಾತು ಹೇಳಿಬಿಡ್ತೀನಿ. ಖಾಸಗಿ ಆರೋಗ್ಯ ವಿಮಾ ಪಾಲಿಸಿಗಳಾಗ "ಎಕ್ಸ್‌ಕ್ಲೂಷನ್ 04" ಅಂತ ಒಂದು ಕಲಮು ಇರ್ತದ: ಬರೇ ತಪಾಸಣೆ ಸಲುವಾಗಿ ಅಡ್ಮಿಟ್ ಆದ್ರ ಆ ಖರ್ಚು ಕೊಡಂಗಿಲ್ಲ. ರಾತ್ರಿ ಮಲಗೀವಿ, ಬೆಡ್ ಚಾರ್ಜು ಹಾಕ್ಯಾರ, ಅದಕ್ಕ ಕ್ಲೇಮ್ ಆಗ್ತದ ಅಂತ ಲೆಕ್ಕ ಹಾಕಬ್ಯಾಡ್ರಿ. ಪಾಲಿಸಿಯಾಗ ಹೊರರೋಗಿ ಖರ್ಚಿನ ಸವಲತ್ತು ಬ್ಯಾರೆ ಇದ್ರ ಅದರಾಗ ಕೇಳಬಹುದು. ಮೊದಲೇ ಬರವಣಿಗಿಯಾಗ ಕೇಳ್ರಿ.

ತಾರೀಖು ಹಿಡಿಯೋಮುಂದ ದವಾಖಾನಿಗೆ ಕೇಳಬೇಕಾದ್ದು: ರಾತ್ರಿಪೂರ್ತಿ ಟೆಕ್ನಿಷಿಯನ್ ಎಚ್ಚರ ಇದ್ದು ಪರದೆ ನೋಡ್ತಾನೋ, ಹಚ್ಚಿ ಮನಿಗೆ ಹೋಗ್ತಾನೋ? ಮೆದುಳಿನ ದಾಖಲಿ ಇರ್ತದೋ ಇಲ್ಲೋ? ರೆಕಾರ್ಡಿಂಗ್ ಓದಿ ಎಣಿಸೋರು (ಸ್ಕೋರ್ ಮಾಡೋರು) ಮನುಷ್ಯಾರೋ ಬರೇ ಸಾಫ್ಟ್‌ವೇರೋ? ಬಿಲ್ಲಿನಾಗ ಸಿಪ್ಯಾಪ್ ರಾತ್ರಿ ಸೇರೇದೋ ಬ್ಯಾರೆನೋ? ಹಚ್ಚಿ ಮನಿಗೆ ಹೋದ್ರ ಮೂಗಿನ ನಳಗಿ ಒಂದು ಗಂಟೆಗೆ ಜಾರಿದ್ದು ಮುಂಜಾನಿ ಆರಕ್ಕ ಗೊತ್ತಾಗ್ತದ. ದವಾಖಾನಿ ಯಾವುದು ಅಂತ ತಿಳೀದವರು ಜಿಮ್ಸ್ (ಕಲಬುರಗಿ), ಬ್ರಿಮ್ಸ್ (ಬೀದರ್), ಯಿಮ್ಸ್ (ಯಾದಗಿರಿ) ಇಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಓಪಿಡಿಯಾಗ ಎದಿರೋಗ ಇಲ್ಲಾ ಕಿವಿ ಮೂಗು ಗಂಟಲು ವಿಭಾಗಕ್ಕ ಚೀಟಿ ಮಾಡಿಸಿ ಮೊದಲು ತೋರಸ್ರಿ, ಎಲ್ಲಿಗೆ ಕಳಸಬೇಕು ಅಂತ ಅವರೇ ಬರದು ಕೊಡ್ತಾರ.

ಯಾದಗಿರಿಕೋಟೆ:
ಸೇಡಂ, ವಾಡಿ, ಚಿತ್ತಾಪುರ ಕಡಿ ಸಿಮೆಂಟ್ ಫ್ಯಾಕ್ಟರಿಯಾಗ ಮೂರು ಪಾಳಿ ದುಡಿಯೋರು ಭಾಳ. ರಾತ್ರಿಪಾಳಿಯವರಿಗೆ ರಾತ್ರಿ ಪರೀಕ್ಷಾ ಮಾಡಿದ್ರ ಹೆಂಗ? ಬಸ್ ಡ್ರೈವರಿಗೂ ಅದೇ ಪ್ರಶ್ನಿ.

ಬಿದ್ರಿಕುಸುರಿ:
ತಿಂಗಳುಗಟ್ಟಲೆ ಹಗಲೇ ಮಲಗುವವರಾದರೆ ಹಗಲು ಪರೀಕ್ಷೆ ಮಾಡಬಹುದೇ ಎಂದು ಲ್ಯಾಬಿಗೆ ಕೇಳಬೇಕು. ದೇಹದ ಗಡಿಯಾರಕ್ಕೆ ಅದೇ ರಾತ್ರಿ. ವಾರಕ್ಕೊಮ್ಮೆ ಪಾಳಿ ಬದಲಾಗುವವರು ಹಗಲು ಪಾಳಿಯ ವಾರದ ಕೊನೆಯಲ್ಲಿ ತಾರೀಖು ಹಿಡಿಯಲಿ. ರಾತ್ರಿಪಾಳಿ ಮುಗಿದ ಮರುದಿನವೇ ಬೇಡ. ಒಂದು ವಾರದ ನಿದ್ದೆಯ ಹೊತ್ತು ಗೊತ್ತನ್ನು ಕಾಗದದಲ್ಲಿ ಬರೆದು ಒಯ್ದರೆ ಓದುವವರಿಗೆ ಅನುಕೂಲ. ಡ್ರೈವರುಗಳಂತೂ ಹಗಲು ತೂಕಡಿಕೆ ಅಳೆಯುವ ಎಪ್ವರ್ತ್ ಪ್ರಶ್ನಾವಳಿಗೆ ನಿಜ ಹೇಳಬೇಕು: ಎಂಟು ಪ್ರಶ್ನೆ, ತಲಾ 0ಯಿಂದ 3, ಒಟ್ಟು 24ಕ್ಕೆ 10 ದಾಟಿದರೆ ತೂಕಡಿಕೆ ಮಿತಿಮೀರಿದೆ ಎಂದು ಅರ್ಥ. ಕೆಲಸಕ್ಕೆ ಕುತ್ತು ಬಂದೀತೆಂದು ಎಲ್ಲಕ್ಕೂ ಸೊನ್ನೆ ಬರೆಯುವವರಿದ್ದಾರೆ, ಅದು ತಿಳಿಯುವಂಥದ್ದೇ. ಆದರೆ ಪರೀಕ್ಷೆಯ ಮರುದಿನ ಬೆಳಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ ಬೈಕ್ ಹತ್ತುವುದು ಯಾರಿಗೂ ಬೇಡ.

ಭೀಮಾತೀರ:
ರಿಪೋರ್ಟ್ ಕೈಗೆ ಬಂದಾಗ ನಾವು ನೋಡೋದು ಎಎಚ್‌ಐ ಒಂದೇನಾ?

ಬಿದ್ರಿಕುಸುರಿ:
ಅದೊಂದೇ ನೋಡಿದರೆ ಮೋಸ ಹೋಗುತ್ತೀರಿ. ಮೊದಲು ಒಟ್ಟು ನಿದ್ದೆ ಎಷ್ಟು, ಬೆನ್ನ ಮೇಲೆ ಎಷ್ಟು ಹೊತ್ತು, ಕನಸಿನ ನಿದ್ದೆ ಎಷ್ಟು ನಿಮಿಷ ನೋಡಿ. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಬೀಳುತ್ತದೆ, ಕನಸಿನ ನಿದ್ದೆಯಲ್ಲಿ ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ತೊಂದರೆ ಜೋರಾಗುವುದು ಈ ಎರಡರಲ್ಲೇ. ರಾತ್ರಿಯೆಲ್ಲ ಮಗ್ಗುಲಾಗಿ ಮಲಗಿ, ಕನಸಿನ ನಿದ್ದೆ ಹತ್ತೇ ನಿಮಿಷ ಬಂದವರಿಗೆ ಎಎಚ್‌ಐ 9 ಅಂತ ಬಂದರೆ "ಸೌಮ್ಯ" ಎಂಬ ಪದವನ್ನು ಪೂರ್ತಿ ನಂಬಬೇಡಿ. ನಿದ್ದೆ ಬರಲಿಲ್ಲಂದ್ರೆ ಏನಾಗುತ್ತದೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಇನ್ನರ್ಧ ಇದು: ಎಷ್ಟು ಗಂಟೆ ಅನ್ನುವುದಕ್ಕಿಂತ ಯಾವ ನಿದ್ದೆ, ಯಾವ ಭಂಗಿ ಅನ್ನುವುದು ಮುಖ್ಯ. ಎರಡೂ ಒಂದಿಷ್ಟು ಸಿಕ್ಕಿದ್ದರೆ ನಾಲ್ಕು ಗಂಟೆಯ ನಿದ್ದೆಯೂ ಸಾಮಾನ್ಯವಾಗಿ ಸಾಕು.

ಆಮೇಲೆ ಆಮ್ಲಜನಕ ಎಷ್ಟಕ್ಕೆ ಇಳಿಯಿತು, ಶೇ. 90ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು ನೋಡಿ. ಉಸಿರು ಕುಗ್ಗಿದ್ದನ್ನು ಎಣಿಸಲು ಎರಡು ನಿಯಮ ಚಾಲ್ತಿಯಲ್ಲಿವೆ. ಎರಡರಲ್ಲೂ ಉಸಿರು ಶೇ. 30ರಷ್ಟಾದರೂ ಕುಗ್ಗಿ ಹತ್ತು ಸೆಕೆಂಡು ಇರಬೇಕು. ಒಂದರಲ್ಲಿ ಅದರ ಜೊತೆ ಆಮ್ಲಜನಕ ಶೇ. 3 ಇಳಿದರೆ ಅಥವಾ ನಿದ್ದೆ ಕದಡಿದರೆ ಎಣಿಕೆ, ಇನ್ನೊಂದರಲ್ಲಿ ಶೇ. 4 ಇಳಿಯಲೇಬೇಕು. ಅದೇ ರಾತ್ರಿಗೆ ಮೊದಲ ನಿಯಮ ಹೆಚ್ಚು ಸಂಖ್ಯೆ ಕೊಡುತ್ತದೆ. ಎರಡು ಆಸ್ಪತ್ರೆಯ ರಿಪೋರ್ಟ್ ಅಕ್ಕಪಕ್ಕ ಇಟ್ಟು "ಕಡಿಮೆಯಾಗಿದೆ" ಎಂದು ಖುಷಿಪಡುವ ಮೊದಲು ಯಾವ ನಿಯಮ ಎಂದು ಕೇಳಿ.

ಯಾದಗಿರಿಕೋಟೆ:
ಮಕ್ಕಳಿಗೂ ಇದೇ ಲೆಕ್ಕಾ?

ಬಿದ್ರಿಕುಸುರಿ:
ಅಲ್ಲ. ಮಕ್ಕಳಲ್ಲಿ ಗಂಟೆಗೆ 1 ದಾಟಿದರೂ ಸಹಜವಲ್ಲ, ಹತ್ತು ಸೆಕೆಂಡಿನ ಬದಲು ಎರಡು ಉಸಿರಿನಷ್ಟು ಹೊತ್ತು ನಿಂತರೂ ಎಣಿಕೆ. ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ. ತಾಯಿ ಅಥವಾ ತಂದೆ ಜೊತೆಗಿರಲೇಬೇಕು. ದೊಡ್ಡವರ ರಿಪೋರ್ಟಿನ ಪಟ್ಟಿ ಹಿಡಿದು ಮಗುವಿನ 4ನ್ನು "ನಾರ್ಮಲ್" ಅನ್ನಬಾರದು.

ಭೀಮಾತೀರ:
ಭಾಳ ತಿಳೀತು. ಕೊನೀದೊಂದು: ಆ ಪೇಸ್ಟು ಕೂದಲದಿಂದ ಹೋಗ್ತದಲ್ಲ?

ಶಹಾಬಾದ್‌ಕಲ್ಲು:
ಬಿಸಿನೀರು ಹಾಕಿ ನೆನೀಲಿಕ್ಕ ಬಿಡ್ರಿ, ಶಾಂಪೂ ಆಮ್ಯಾಲ. ಒಣಗಿದ್ದನ್ನ ಬಾಚಣಿಗಿಲೆ ಎಳದ್ರ ಕೂದಲಾ ಕಿತ್ತು ಬರ್ತದ. ಮಾರಿಮ್ಯಾಲ ಟೇಪಿನ ಅಂಟು ಉಳದಿದ್ರ ಕೊಬ್ರಿ ಎಣ್ಣಿ ಹಚ್ಚಿ ಒರಸ್ರಿ. ಹಿಂದಿನ ದಿನ ಬ್ಯಾಡ ಅಂದ ಎಣ್ಣಿಗೆ ಮುಂಜಾನಿ ಅಡ್ಡಿಯಿಲ್ಲ.